ರಸಾಯನಾಚಾರ್ಯ ಜ್ಞಾನಚಂದ್ರ ಘೋಷರು

ಉಪ್ಪಿಗಿಂತ ರುಚಿಯಿಲ್ಲವೆಂಬುದು ಕನ್ನಡ ನಾಡಿನ ಮನೆಮಾತು. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಗದ್ದೆಗಳಲ್ಲಿ ಕಡಲ ನೀರು ಬಿಸಿಲಿಗೆ ಆರಿ ಹರಳುಗಟ್ಟುತ್ತದೆ. ಆ ಹರಳು ಬಡವ ಬಲ್ಲಿದರೆನ್ನದೆ ಎಲ್ಲರ ಅಡುಗೆಮನೆಯನ್ನೂ ಸೇರುತ್ತದೆ. ಸಾರಿಗೆ ಹಾಕಿದ ಚಿಟಿಕೆ ಉಪ್ಪು ಕರಗಿ ಕಣ್ಮರೆಯಾಗುವುದು ದಿನನಿತ್ಯದ ನೋಟ. ಕರಗಿದ ಉಪ್ಪು ಏನಾಯಿತು? ಅದರೊಳಗೆ ಎಷ್ಟು ಕಣಗಳಿದ್ದುವು? ಅವೆಲ್ಲವೂ ಬಿಡಿಬಿಡಿಯಾದುವೆ, ಕೆಲವು ಒಡೆಯದೆಯೇ ಉಳಿದುವೆ? ಮಕ್ಕಳ ಪ್ರಶ್ನೆಯಂತೆ ತೋರುವ ಈ ಮಾತು ಯುರೋಪಿನ ಪ್ರೌಢ ವಿದ್ವಾಂಸರನ್ನು ಮೂರು ದಶಕಗಳಿಗೂ ಮಿಗಿಲಾಗಿ ಕಾಡಿತು. ಆ ವಾದದ ನಡುವೆ, ೧೯೧೮ರಲ್ಲಿ, ಕಲಕತ್ತೆಯ ತರುಣ ಅಧ್ಯಾಪಕರೊಬ್ಬರು ಎದ್ದುನಿಂತು, ಕರಗಿದ ಉಪ್ಪಿನಲ್ಲಿ ಒಡೆಯದೆ ಉಳಿದ ಅಣು ಒಂದೂ ಇಲ್ಲ, ಇರುವುದೆಲ್ಲ ಅಯಾನುಗಳೇ ಎಂದು ಪ್ರತಿಪಾದಿಸಿದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ ತುಂಬಿರಲಿಲ್ಲ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಕನ್ನಡ ನಾಡಿಗೆ ಒಂಬತ್ತು ವರ್ಷಗಳ ಸೇವೆ ಸಲ್ಲಿಸಿದ ಜ್ಞಾನಚಂದ್ರ ಘೋಷರೇ ಆ ತರುಣರು.

ಘೋಷರ ಸಾಧನೆಯ ಹಿರಿಮೆಯನ್ನು ಅರಿಯಬೇಕಾದರೆ, ಶಾಲಾ ವಿದ್ಯಾರ್ಥಿಗಳು ಇಂದು ನಿರಾಯಾಸವಾಗಿ ಮಾಡುವ ಒಂದು ಲೆಕ್ಕವನ್ನು ಮೊದಲು ನೋಡಬೇಕು. ಸೋಡಿಯಮ್ಮಿನ ಪರಮಾಣು ತೂಕ ೨೩, ಕ್ಲೋರಿನ್ನಿನದು ೩೫.೫, ಎರಡೂ ಕೂಡಿ ಅಡಿಗೆ ಉಪ್ಪಿನ ಸೂತ್ರತೂಕ ೫೮.೫. ಅಷ್ಟು ಗ್ರಾಂ ಉಪ್ಪಿಗೆ ಒಂದು ಮೋಲ್ ಎಂದು ಹೆಸರು. ಒಂದು ಮೋಲ್ ವಸ್ತುವಿನಲ್ಲಿರುವ ಘಟಕಗಳ ಸಂಖ್ಯೆಗೆ ಇಟಲಿಯ ವಿಜ್ಞಾನಿ ಅವಗಾಡ್ರೊ ಅವರ ಹೆಸರನ್ನಿಡಲಾಗಿದೆ. ಸ್ಥೂಲವಾಗಿ ಹೇಳುವುದಾದರೆ ಅದು ೬,೦೨೨ರ ಮುಂದೆ ೨೦ ಸೊನ್ನೆಗಳನ್ನಿಟ್ಟ ಸಂಖ್ಯೆ. ಈಗ ೫.೮೫ ಗ್ರಾಂ ಉಪ್ಪನ್ನು ತೂಗಿದರೆ ಅದು ಮೋಲಿನ ಹತ್ತರಲ್ಲೊಂದು ಪಾಲು. ಅದರಲ್ಲಿ ಸೋಡಿಯಂ ಅಯಾನುಗಳು ೬,೦೨೨ರ ಮುಂದೆ ೧೯ ಸೊನ್ನೆಗಳಷ್ಟು. ಕ್ಲೋರೈಡ್ ಅಯಾನುಗಳೂ ಅಷ್ಟೇ. ಒಟ್ಟು ಅಯಾನುಗಳು ೧೨,೦೪೪ರ ಮುಂದೆ ೧೯ ಸೊನ್ನೆಗಳಷ್ಟು.

ಸಂಯುಕ್ತ ಬದಲಾದರೆ ಲೆಕ್ಕದ ಕ್ರಮ ಬದಲಾಗದು, ಗುಣಕ ಮಾತ್ರ ಬದಲಾಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡಿನ ಸೂತ್ರತೂಕ ೧೧೧. ಅದರ ೧.೧೧ ಗ್ರಾಂ ಎಂದರೆ ಮೋಲಿನ ನೂರರಲ್ಲೊಂದು ಪಾಲು. ಒಂದೊಂದು ಘಟಕದಲ್ಲಿ ಒಂದು ಕ್ಯಾಲ್ಸಿಯಂ ಅಯಾನೂ ಎರಡು ಕ್ಲೋರೈಡ್ ಅಯಾನುಗಳೂ ಇರುವುದರಿಂದ, ಕ್ಯಾಲ್ಸಿಯಂ ಅಯಾನುಗಳು ೬,೦೨೨ರ ಮುಂದೆ ೧೮ ಸೊನ್ನೆ, ಕ್ಲೋರೈಡ್ ಅಯಾನುಗಳು ೧೨,೦೪೪ರ ಮುಂದೆ ೧೮ ಸೊನ್ನೆ, ಒಟ್ಟು ೧೮,೦೬೬ರ ಮುಂದೆ ೧೮ ಸೊನ್ನೆ. ಕ್ಯಾಲ್ಸಿಯಂ ಅಯಾನಿನ ಧನ ಆವೇಶ ಎರಡು, ಕ್ಲೋರೈಡಿನ ಋಣ ಆವೇಶ ಒಂದು. ಆದ್ದರಿಂದ ಧನವೂ ಋಣವೂ ಸರಿಸಮನಾಗಿ ತಾಳೆ ಬೀಳುತ್ತವೆ. ಹೀಗೆ ತಾಳೆ ನೋಡುವುದೇ ಲೆಕ್ಕ ಸರಿಯಾಗಿದೆಯೆಂಬುದಕ್ಕೆ ಸಾಕ್ಷಿ. ತೂಕವನ್ನು ಸೂತ್ರತೂಕದಿಂದ ಭಾಗಿಸುವುದು, ಅವಗಾಡ್ರೊ ಸಂಖ್ಯೆಯಿಂದ ಗುಣಿಸುವುದು, ಒಂದು ಘಟಕದಲ್ಲಿರುವ ಅಯಾನುಗಳ ಎಣಿಕೆಯಿಂದ ಮತ್ತೆ ಗುಣಿಸುವುದು: ಇಷ್ಟೇ ಕ್ರಮ.

ಈ ಕ್ರಮದ ತಳದಲ್ಲಿ ಒಂದು ನಂಬಿಕೆ ಅಡಗಿದೆ. ಉಪ್ಪಿನ ಒಂದೊಂದು ಘಟಕವೂ ತಪ್ಪದೆ ಅಯಾನುಗಳಾಗಿಯೇ ಇದೆ ಎಂಬುದೇ ಆ ನಂಬಿಕೆ. ಘೋಷರು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಪಂಡಿತರಲ್ಲಿ ಹೆಚ್ಚಿನವರು ಇದನ್ನು ಒಪ್ಪಿರಲಿಲ್ಲ.

ಅಯಾನು ಎಂಬ ಪದವನ್ನು ೧೮೩೪ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ. ಲವಣಗಳು ನೀರಿನಲ್ಲಿ ಕರಗಿದೊಡನೆ, ವಿದ್ಯುತ್ತಿನ ನೆರವಿಲ್ಲದೆಯೇ, ಅಯಾನುಗಳಾಗಿ ಒಡೆಯುತ್ತವೆಂದು ೧೮೮೭ರಲ್ಲಿ ಸಾರಿದವರು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್. ಮೊದಲು ಅವಹೇಳನಕ್ಕೆ ಗುರಿಯಾದ ಅವರ ಮತ ಕ್ರಮೇಣ ಮನ್ನಣೆ ಪಡೆದು, ೧೯೦೩ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಆದರೆ ಅರೇನಿಯಸ್ಸರ ಮತದಲ್ಲಿ ಎಲ್ಲ ಅಣುಗಳೂ ಒಡೆಯುವುದಿಲ್ಲ; ಒಂದು ಪಾಲು ಒಡೆದರೆ ಉಳಿದ ಪಾಲು ಹಾಗೆಯೇ ಇರುತ್ತದೆ. ಒಡೆದ ಪಾಲೆಷ್ಟೆಂಬುದನ್ನು ದ್ರಾವಣದ ವಿದ್ಯುದ್ವಾಹಕತೆಯಿಂದ ತಿಳಿಯಬಹುದೆಂದು ಅವರು ಎಣಿಸಿದರು. ಮೇಲೆ ಹೇಳಿದ ೫.೮೫ ಗ್ರಾಂ ಉಪ್ಪು ಒಂದು ಲೀಟರ್ ದ್ರಾವಣದಲ್ಲಿದ್ದಾಗ, ಅವರ ಎಣಿಕೆಯಂತೆ, ನೂರರಲ್ಲಿ ಸುಮಾರು ೮೪ ಪಾಲು ಮಾತ್ರ ಅಯಾನುಗಳಾಗಿರಬೇಕು. ಆಗ ಒಟ್ಟು ಅಯಾನುಗಳು ಸುಮಾರು ೧೦,೧೦೦ರ ಮುಂದೆ ೧೯ ಸೊನ್ನೆಗಳಷ್ಟಾಗುತ್ತವೆ. ಪೂರ್ಣ ಎಣಿಕೆಗಿಂತ ೧,೯೦೦ರ ಮುಂದೆ ೧೯ ಸೊನ್ನೆಗಳಷ್ಟು ಕಡಿಮೆ. ಒಂದು ಚಮಚ ಉಪ್ಪಿನ ಲೆಕ್ಕದಲ್ಲಿ ಇಷ್ಟು ಅಂತರ!

ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದಂಥ ದುರ್ಬಲ ವಸ್ತುಗಳಿಗೆ ಅರೇನಿಯಸ್ಸರ ಎಣಿಕೆ ಸೊಗಸಾಗಿ ಹೊಂದುತ್ತಿತ್ತು. ಜರ್ಮನಿಯ ಓಸ್ಟ್‌ವಾಲ್ಡರು ಅದರ ಆಧಾರದ ಮೇಲೆ ರಚಿಸಿದ ನಿಯಮವೂ ಅಲ್ಲಿ ಸಾರ್ಥಕವಾಗಿತ್ತು. ಆದರೆ ಅಡಿಗೆ ಉಪ್ಪು, ಪೊಟ್ಯಾಸಿಯಂ ಕ್ಲೋರೈಡ್ ಮೊದಲಾದ ಪ್ರಬಲ ವಿದ್ಯುದ್ವಿಭಾಜ್ಯಗಳಲ್ಲಿ ಆ ನಿಯಮ ಮುರಿದುಬೀಳುತ್ತಿತ್ತು. ಪಂಡಿತರು ಇದನ್ನು ಪ್ರಬಲ ವಿದ್ಯುದ್ವಿಭಾಜ್ಯಗಳ ಅಸಂಗತತೆಯೆಂದು ಕರೆದು, ಪರಿಹಾರ ಕಾಣದೆ ಕೈಕಟ್ಟಿ ಕುಳಿತಿದ್ದರು. ಡೆನ್ಮಾರ್ಕಿನ ಬ್ಯೆರಮ್ಮರು ೧೯೦೯ರಲ್ಲಿಯೇ ಇಂಥ ಲವಣಗಳು ಪೂರ್ಣವಾಗಿ ಒಡೆದಿರಬೇಕೆಂದು ಸೂಚಿಸಿದ್ದುಂಟು. ಆದರೆ ಹಾಗೆ ಪೂರ್ಣವಾಗಿ ಒಡೆದಿದ್ದರೆ ವಾಹಕತೆ ಏಕೆ ಕುಂದುತ್ತದೆ ಎಂಬ ಪ್ರಶ್ನೆಗೆ ಲೆಕ್ಕದ ರೂಪದಲ್ಲಿ ಸರ್ವಸಮ್ಮತ ಉತ್ತರ ದೊರೆತಿರಲಿಲ್ಲ.

ಆ ಉತ್ತರವನ್ನು ಅರಸಲು ಹೊರಟ ಜ್ಞಾನಚಂದ್ರ ಘೋಷರು ೧೮೯೪ರ ಸೆಪ್ಟೆಂಬರಿನಲ್ಲಿ, ಇಂದು ಪಶ್ಚಿಮ ಬಂಗಾಳಕ್ಕೆ ಸೇರಿರುವ ಪುರುಲಿಯಾದಲ್ಲಿ ಜನಿಸಿದರು. ಗಿರಿಡಿಹ್ ಊರಿನಲ್ಲಿ ಶಾಲಾ ವಿದ್ಯಾಭ್ಯಾಸ ಮುಗಿಸಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಆ ಕಾಲೇಜಿನ ಆ ವರ್ಷಗಳ ವಿದ್ಯಾರ್ಥಿವೃಂದ ಭಾರತದ ವಿದ್ಯಾಚರಿತ್ರೆಯಲ್ಲಿಯೇ ಅಪೂರ್ವವಾದುದು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಾಹಾ, ಜ್ಞಾನೇಂದ್ರನಾಥ ಮುಖರ್ಜಿ ಇವರೆಲ್ಲ ಘೋಷರ ಸಹಪಾಠಿಗಳು. ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದವರು ಆಚಾರ್ಯ ಪ್ರಫುಲ್ಲಚಂದ್ರ ರಾಯರು. ಆಜನ್ಮ ಬ್ರಹ್ಮಚಾರಿಗಳಾಗಿ, ಸರಳ ಜೀವಿಗಳಾಗಿ, ಶಿಷ್ಯರನ್ನೇ ಮಕ್ಕಳೆಂದು ಬಗೆದ ಆ ಗುರುವರ್ಯರ ಪ್ರಭಾವ ಘೋಷರ ಮೇಲೆ ಕಡೆಯವರೆಗೂ ಉಳಿಯಿತು. ೧೯೧೫ರಲ್ಲಿ ಘೋಷರು ಎಂ.ಎಸ್‌ಸಿ. ಪರೀಕ್ಷೆಯಲ್ಲಿ ಪ್ರಥಮ ವರ್ಗದಲ್ಲಿ ಉತ್ತೀರ್ಣರಾದರು.

ಅದೇ ಸಮಯದಲ್ಲಿ ಕಲಕತ್ತೆಯಲ್ಲಿ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜು ತಲೆಯೆತ್ತುತ್ತಿತ್ತು. ತಾರಕನಾಥ ಪಾಲಿತ್ ಮತ್ತು ರಾಸಬಿಹಾರಿ ಘೋಷ್ ಎಂಬ ಇಬ್ಬರು ನ್ಯಾಯವಾದಿಗಳು ತಮ್ಮ ದುಡಿಮೆಯ ಸಂಪತ್ತನ್ನು ಧಾರೆಯೆರೆದು ಆ ಕಾಲೇಜಿಗೆ ಜೀವ ಕೊಟ್ಟರು. ೧೯೧೪ರಲ್ಲಿ ಅದರ ಅಸ್ತಿಭಾರ ಬಿದ್ದಿತು. ದಾನಿಗಳು ಕೊಟ್ಟ ಹಣವನ್ನು ತಕ್ಕ ಪಾತ್ರರಲ್ಲಿ ವಿನಿಯೋಗಿಸುವ ಹೊಣೆಯನ್ನು ಉಪಕುಲಪತಿಗಳಾಗಿದ್ದ ಆಶುತೋಷ ಮುಖರ್ಜಿಯವರು ಹೊತ್ತರು. ಆಗತಾನೆ ಪರೀಕ್ಷೆ ಮುಗಿಸಿದ ತರುಣರನ್ನೇ ಕರೆದು ಅವರು ಅಧ್ಯಾಪಕರನ್ನಾಗಿ ನೇಮಿಸಿದರು. ಬೋಸ್, ಸಾಹಾ, ಘೋಷ್ ಮೂವರೂ ಹೀಗೆ ಆರಿಸಲ್ಪಟ್ಟವರು. ಆ ದಾನಿಗಳ ಹಣದಿಂದ ಎಂಥ ಫಲ ದೊರೆಯಿತೆಂಬುದನ್ನು ಮೂವರ ಮುಂದಿನ ಜೀವನವೇ ಹೇಳುತ್ತದೆ.

ಆಗ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ಯುರೋಪಿನಿಂದ ಉಪಕರಣಗಳನ್ನು ತರಿಸುವುದು ದುಸ್ತರವಾಗಿತ್ತು. ಘೋಷರಿಗೆ ಇದ್ದ ಮುಖ್ಯ ಸಾಮಗ್ರಿಯೆಂದರೆ ಅನ್ಯರು ಅಳೆದು ಪ್ರಕಟಿಸಿದ್ದ ಅಂಕಿಗಳು, ಕಾಗದ ಮತ್ತು ಲೇಖನಿ. ಇಷ್ಟರಿಂದಲೇ ಅವರು ಕಾರ್ಯೋನ್ಮುಖರಾದರು. ೧೯೧೩ರಲ್ಲಿ ಇಂಗ್ಲೆಂಡಿನ ಬ್ರಾಗ್ ತಂದೆಮಕ್ಕಳು ಕ್ಷಕಿರಣಗಳ ನೆರವಿನಿಂದ ಉಪ್ಪಿನ ಹರಳಿನ ಒಳರಚನೆಯನ್ನು ಬಯಲಿಗೆಳೆದಿದ್ದರು. ಹರಳಿನಲ್ಲಿ ಒಂದೊಂದು ಸೋಡಿಯಮ್ಮಿನ ಸುತ್ತ ಆರು ಕ್ಲೋರಿನ್, ಒಂದೊಂದು ಕ್ಲೋರಿನ್ನಿನ ಸುತ್ತ ಆರು ಸೋಡಿಯಂ. ಇದು ಇದರ ಜೋಡಿ ಎಂದು ಬೆರಳಿಟ್ಟು ತೋರಿಸಬಲ್ಲ ಅಣುವೇ ಅಲ್ಲಿಲ್ಲ. ಘೋಷರು ಈ ಚಿತ್ರವನ್ನು ಮನಸ್ಸಿನಲ್ಲಿ ಹಿಡಿದು ಮುಂದೆ ಯೋಚಿಸಿದರು. ಹರಳಿನಲ್ಲಿಯೇ ಅಣುವಿಲ್ಲದ ಮೇಲೆ, ನೀರಿಗೆ ಬಿದ್ದ ಬಳಿಕ ಅಣು ಎಲ್ಲಿಂದ ಬಂದೀತು?

ಆದ್ದರಿಂದ ಲವಣವೆಲ್ಲವೂ ಸದಾ ಅಯಾನುಗಳೇ ಎಂಬುದು ಅವರ ಮೊದಲ ಪ್ರತಿಜ್ಞೆಯಾಯಿತು. ದ್ರಾವಣದಲ್ಲಿಯೂ ಅಯಾನುಗಳು ಹರಳಿನಲ್ಲಿರುವಂತೆಯೇ ಸಾಲುಗೊಂಡು, ಪರಸ್ಪರ ದೂರವನ್ನು ಮಾತ್ರ ಹೆಚ್ಚಿಸಿಕೊಂಡಿರುತ್ತವೆ ಎಂಬುದು ಎರಡನೆಯದು. ವಿರುದ್ಧ ಆವೇಶದ ಅಯಾನುಗಳು ಒಂದನ್ನೊಂದು ಸೆಳೆಯುವುದರಿಂದ, ಆ ಸೆಳೆತವನ್ನು ಮೀರುವಷ್ಟು ಚಲನಶಕ್ತಿಯುಳ್ಳವು ಮಾತ್ರ ಬಿಡುಗಡೆ ಹೊಂದಿ ವಿದ್ಯುತ್ತನ್ನು ಒಯ್ಯುತ್ತವೆ ಎಂಬುದು ಮೂರನೆಯದು. ವಾಹಕತೆ ಕುಂದಿದರೆ ಅಯಾನುಗಳ ಸಂಖ್ಯೆ ಕುಂದಿತೆಂದು ಅರ್ಥವಲ್ಲ; ಅವುಗಳ ಸ್ವಾತಂತ್ರ್ಯ ಕುಂದಿತೆಂದು ಅರ್ಥ. ಜಾತ್ರೆಯ ನೂಕುನುಗ್ಗಲಿನಲ್ಲಿ ನಡಿಗೆ ನಿಧಾನವಾದರೆ ಜನರು ಕಡಿಮೆಯಾದರೆಂದು ಯಾರೂ ಎಣಿಸುವುದಿಲ್ಲವಷ್ಟೆ. ಪ್ರಬಲ ವಿದ್ಯುದ್ವಿಭಾಜ್ಯಗಳ ಅಸಂಗತತೆಯನ್ನು ಕುರಿತು ಘೋಷರು ಬರೆದ ಪ್ರಬಂಧಮಾಲೆ ೧೯೧೮ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬೆಳಕು ಕಂಡಿತು. ಅದೇ ವರ್ಷ ಕಲಕತ್ತಾ ವಿಶ್ವವಿದ್ಯಾಲಯ ಅವರಿಗೆ ಡಿ.ಎಸ್‌ಸಿ. ಪದವಿಯನ್ನಿತ್ತಿತು. ಆಗ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗಿ ಒಂದು ವರ್ಷವಾಗಿತ್ತಷ್ಟೆ.

ಪರತಂತ್ರ ದೇಶದ ಅಜ್ಞಾತ ತರುಣನೊಬ್ಬನ ಬರಹ ಯುರೋಪಿನ ವಿದ್ವತ್ಸಭೆಗಳಲ್ಲಿ ಚರ್ಚೆಯನ್ನೆಬ್ಬಿಸಿತು. ಹೊಗಳಿದವರೂ ಉಂಟು, ಅಲ್ಲಗಳೆದವರೂ ಉಂಟು. ೧೯೧೯ರಲ್ಲಿ ಘೋಷರು ಲಂಡನ್ನಿಗೆ ತೆರಳಿ, ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರೊಫೆಸರ್ ಡೊನಾನ್ ಅವರ ಪ್ರಯೋಗಶಾಲೆಯನ್ನು ಸೇರಿದರು. ಅಲ್ಲಿ ಬೆಳಕಿನಿಂದ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಕುರಿತು ಸಂಶೋಧನೆ ಕೈಗೊಂಡರು. ಸಹಪಾಠಿ ಜ್ಞಾನೇಂದ್ರನಾಥ ಮುಖರ್ಜಿಯವರೂ ಪಂಜಾಬಿನ ಶಾಂತಿಸ್ವರೂಪ ಭಟ್ನಾಗರರೂ ಅಲ್ಲಿಯೇ ಇದ್ದರು. ಭಾರತದ ರಸಾಯನಜ್ಞರಿಗೆ ತಮ್ಮದೇ ಆದ ಸಂಘವೊಂದು ಬೇಕೆಂಬ ಸಂಕಲ್ಪ ಈ ಮೂವರಲ್ಲಿ ಅಲ್ಲಿಯೇ ಅಂಕುರಿಸಿತು. ೧೯೨೪ರಲ್ಲಿ ಕಲಕತ್ತೆಯಲ್ಲಿ ಆಚಾರ್ಯ ರಾಯರ ಅಧ್ಯಕ್ಷತೆಯಲ್ಲಿ ಸ್ಥಾಪನೆಗೊಂಡ ಭಾರತೀಯ ರಸಾಯನಶಾಸ್ತ್ರ ಸಂಘ ಆ ಸಂಕಲ್ಪದ ಫಲ.

೧೯೨೧ರಲ್ಲಿ ಢಾಕಾ ವಿಶ್ವವಿದ್ಯಾಲಯ ಆರಂಭವಾದಾಗ ಘೋಷರು ಅಲ್ಲಿನ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅವರ ಜೀವನದ ಕಠಿಣ ಪರೀಕ್ಷೆ ಎದುರಾಯಿತು. ೧೯೨೩ರಲ್ಲಿ ಪೀಟರ್ ಡಿಬೈ ಮತ್ತು ಎರಿಕ್ ಹ್ಯೂಕೆಲ್ ಎಂಬ ವಿದ್ವಾಂಸರು ವಿದ್ಯುದ್ವಿಭಾಜ್ಯಗಳ ಹೊಸ ಸಿದ್ಧಾಂತವನ್ನು ಪ್ರಕಟಿಸಿದರು. ಲವಣ ಪೂರ್ಣವಾಗಿ ಅಯಾನುಗಳಾಗಿದೆಯೆಂಬ ಮೂಲಭಾವನೆ ಅಲ್ಲಿಯೂ ಇದ್ದಿತು. ಆದರೆ ಘೋಷರು ಕಲ್ಪಿಸಿದ್ದ ಸಾಲುಗಟ್ಟಿದ ವ್ಯವಸ್ಥೆಯನ್ನು ಅವರು ಒಪ್ಪಲಿಲ್ಲ. ದ್ರಾವಣದಲ್ಲಿ ಅಯಾನುಗಳು ಸದಾ ಚಲಿಸುತ್ತಿರುತ್ತವೆ; ಒಂದೊಂದರ ಸುತ್ತಲೂ ವಿರುದ್ಧ ಆವೇಶದ ಮೋಡವೊಂದು ಕವಿದಿರುತ್ತದೆ ಎಂಬುದು ಅವರ ಚಿತ್ರ.

ಎರಡು ಸಿದ್ಧಾಂತಗಳಲ್ಲಿ ಯಾವುದು ಸರಿಯೆಂಬುದನ್ನು ತೀರ್ಮಾನಿಸಿದ್ದು ಪ್ರಯೋಗ. ಘೋಷರ ಲೆಕ್ಕದಲ್ಲಿ ಅಯಾನುಗಳ ನಡುವಣ ದೂರವೇ ಮುಖ್ಯ. ದ್ರಾವಣವನ್ನು ಎಂಟು ಪಾಲು ತೆಳುಮಾಡಿದರೆ ಆ ದೂರ ಇಮ್ಮಡಿಯಾಗಿ ಸೆಳೆತದ ಪರಿಣಾಮ ಅರ್ಧಕ್ಕಿಳಿಯುತ್ತದೆ. ಇದು ಘನಮೂಲದ ನಿಯಮ. ಡಿಬೈ, ಹ್ಯೂಕೆಲರ ಲೆಕ್ಕದಲ್ಲಿ ನಾಲ್ಕು ಪಾಲು ತೆಳುಮಾಡಿದರೇ ಪರಿಣಾಮ ಅರ್ಧಕ್ಕಿಳಿಯಬೇಕು. ಇದು ವರ್ಗಮೂಲದ ನಿಯಮ. ಜರ್ಮನಿಯ ಕೋಲ್‌ರಾಷ್ ಬಹು ಹಿಂದೆಯೇ ಅತಿ ತೆಳುವಾದ ದ್ರಾವಣಗಳನ್ನು ಅಳೆದು ವರ್ಗಮೂಲವನ್ನೇ ಕಂಡಿದ್ದರು. ಪ್ರಕೃತಿಯ ಸಾಕ್ಷ್ಯ ಘೋಷರಿಗೆ ಪ್ರತಿಕೂಲವಾಯಿತು. ಅವರ ಸೂತ್ರ ಪಠ್ಯಪುಸ್ತಕಗಳಿಂದ ಮೆಲ್ಲಮೆಲ್ಲನೆ ಮರೆಯಾಯಿತು.

ಆದರೆ ಇಲ್ಲಿ ಎರಡು ಲೆಕ್ಕಗಳನ್ನು ಬೇರ್ಪಡಿಸಿ ನೋಡಬೇಕು. ಅಯಾನುಗಳು ಎಷ್ಟು ಎಂಬುದು ಒಂದು ಲೆಕ್ಕ. ಅವು ಹೇಗೆ ಚಲಿಸುತ್ತವೆ ಎಂಬುದು ಇನ್ನೊಂದು. ಎರಡನೆಯದರಲ್ಲಿ ಘೋಷರು ಎಡವಿದರು, ಮೊದಲನೆಯದರಲ್ಲಿ ಗೆದ್ದರು. ೫.೮೫ ಗ್ರಾಂ ಉಪ್ಪಿನಲ್ಲಿ ೮೪ ಪಾಲಲ್ಲ, ನೂರಕ್ಕೆ ನೂರು ಪಾಲೂ ಅಯಾನುಗಳೇ ಎಂಬುದು ನಿಂತ ಸತ್ಯ. ಇಂದು ಯಾವ ಶಾಲೆಯ ವಿದ್ಯಾರ್ಥಿಯೇ ಆಗಲಿ, ಉಪ್ಪಿನ ತೂಕದಿಂದ ಅಯಾನುಗಳನ್ನೆಣಿಸುವಾಗ ಯಾವ ಕಡಿತವನ್ನೂ ಮಾಡದೆ ಪೂರ್ಣ ಸಂಖ್ಯೆಯಿಂದ ಗುಣಿಸುತ್ತಾನೆ. ಆ ಗುಣಾಕಾರದ ಹಿಂದೆ ಬ್ಯೆರಮ್, ಬ್ರಾಗ್, ಡಿಬೈ ಅವರೊಡನೆ ಘೋಷರ ದುಡಿಮೆಯೂ ಇದೆ.

ತನ್ನ ಹೆಸರಿನ ಸಿದ್ಧಾಂತ ಕಣ್ಣೆದುರಿಗೇ ಕುಸಿದಾಗ ವಿದ್ವಾಂಸನ ಮನಸ್ಸು ಕಹಿಯಾಗುವುದು ಲೋಕಸಹಜ. ಘೋಷರು ಆಗ ಇನ್ನೂ ಮೂವತ್ತರೊಳಗಿನವರು. ಅವರು ಕಾರ್ಯವಿಮುಖರಾಗಲಿಲ್ಲ. ಢಾಕಾದಲ್ಲಿ ಹದಿನೆಂಟು ವರ್ಷ ನಿಂತು, ಬರಿಗೈಯಿಂದ ಆರಂಭವಾದ ವಿಭಾಗವನ್ನು ಕಟ್ಟಿದರು; ಬೆಳಕಿನ ರಸಾಯನಶಾಸ್ತ್ರದಲ್ಲಿ ಶಿಷ್ಯರನ್ನು ತಯಾರುಮಾಡಿದರು. ಸಹಪಾಠಿ ಬೋಸರು ೧೯೨೪ರಲ್ಲಿ ಜಗದ್ವಿಖ್ಯಾತವಾದ ತಮ್ಮ ಪ್ರಬಂಧವನ್ನು ಬರೆದುದು ಅದೇ ವಿಶ್ವವಿದ್ಯಾಲಯದಲ್ಲಿ. ೧೯೩೯ರ ಆರಂಭದಲ್ಲಿ ಲಾಹೋರಿನಲ್ಲಿ ನೆರೆದ ಭಾರತೀಯ ವಿಜ್ಞಾನ ಸಮ್ಮೇಳನದ ಮಹಾಧ್ಯಕ್ಷ ಪದವಿ ಘೋಷರಿಗೆ ದೊರೆಯಿತು.

ಆ ವರ್ಷವೇ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಜಮ್‌ಷೆಡ್‌ಜಿ ಟಾಟಾ ಅವರ ದಾನದಿಂದಲೂ, ಮೈಸೂರು ಅರಸುಮನೆತನ ಕೊಟ್ಟ ೩೭೧ ಎಕರೆ ಭೂಮಿಯಿಂದಲೂ ನಿಂತ ಆ ಸಂಸ್ಥೆಯನ್ನು ಕನ್ನಡಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದರು. ಸರ್ ಸಿ. ವಿ. ರಾಮನ್ ಅಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಹೋಮಿ ಭಾಭಾ ಅಲ್ಲಿಗೆ ಬಂದು ನೆಲೆಸಿದರು. ಘೋಷರು ಬಂದ ವರ್ಷವೇ ಎರಡನೆಯ ಮಹಾಯುದ್ಧ ಆರಂಭವಾಯಿತು. ಶುದ್ಧ ಶಾಸ್ತ್ರದೊಡನೆ ದೇಶದ ಕೈಗಾರಿಕೆಗೆ ಬೇಕಾದ ವಿದ್ಯೆಯನ್ನೂ ಬೆಳೆಸಬೇಕೆಂಬುದು ಅವರ ನಿಲುವು. ೧೯೪೦ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾದಾಗ ವಿಮಾನಶಾಸ್ತ್ರ ಬಲ್ಲವರ ಅಗತ್ಯ ತಲೆದೋರಿತು. ೧೯೪೨ರಲ್ಲಿ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗ ತೆರೆಯಿತು, ಡಾಕ್ಟರ್ ವಿ. ಎಂ. ಘಾಟಗೆಯವರು ಅದನ್ನು ಮುನ್ನಡೆಸಿದರು. ಲೋಹಶಾಸ್ತ್ರ, ಅಂತರ್ದಹನ ಯಂತ್ರಶಾಸ್ತ್ರಗಳ ಬೋಧನೆಯೂ ಘೋಷರ ಕಾಲದಲ್ಲಿಯೇ ಬೇರೂರಿತು. ಆಡಳಿತದ ಹೊರೆಯ ನಡುವೆಯೂ ಅವರು ಸಂಶೋಧನೆಯನ್ನು ಬಿಡಲಿಲ್ಲ; ಕಲ್ಲಿದ್ದಲಿನಿಂದ ದೊರೆಯುವ ಅನಿಲಗಳನ್ನು ವೇಗವರ್ಧಕಗಳ ನೆರವಿನಿಂದ ದ್ರವ ಇಂಧನವಾಗಿಸುವ ಕ್ರಮವನ್ನು ಶಿಷ್ಯರೊಡನೆ ಪರಿಶೀಲಿಸಿದರು. ೧೯೪೩ರಲ್ಲಿ ಅವರಿಗೆ ಸರ್ ಪದವಿ ಸಂದಿತು.

೧೯೪೮ರ ವೇಳೆಗೆ ಬೆಂಗಳೂರಿನ ಸೇವೆ ಮುಗಿದಿತ್ತು. ಸ್ವತಂತ್ರ ಭಾರತದ ಕೈಗಾರಿಕೆ ಮತ್ತು ಸರಬರಾಜು ವ್ಯವಸ್ಥೆಯ ಮಹಾನಿರ್ದೇಶಕರಾಗಿ ದುಡಿದ ಬಳಿಕ, ೧೯೫೦ರಲ್ಲಿ ಖರಗಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರಥಮ ನಿರ್ದೇಶಕರಾದರು. ದೇಶದ ಮೊತ್ತಮೊದಲ ಐ.ಐ.ಟಿ. ಅದು. ಹಿಜ್ಲಿಯ ಹಳೆಯ ಬಂದೀಖಾನೆಯ ಕಟ್ಟಡವೇ ಅದರ ಆದಿಗೃಹ. ೧೯೩೧ರಲ್ಲಿ ಬ್ರಿಟಿಷ್ ಆಡಳಿತದ ಪೊಲೀಸರ ಗುಂಡಿಗೆ ಇಬ್ಬರು ರಾಜಕೀಯ ಬಂದಿಗಳು ಬಲಿಯಾದ ಆವರಣದಲ್ಲಿಯೇ ತರಗತಿಗಳು ನಡೆದುವು. ೧೯೫೧ರ ಆಗಸ್ಟ್ ೧೮ರಂದು ಮೌಲಾನಾ ಅಬುಲ್ ಕಲಾಂ ಆಜಾದರು ಸಂಸ್ಥೆಯನ್ನು ಉದ್ಘಾಟಿಸಿದಾಗ ಅಲ್ಲಿ ೨೨೪ ವಿದ್ಯಾರ್ಥಿಗಳೂ ೪೨ ಅಧ್ಯಾಪಕರೂ ಇದ್ದರು. ಸೆರೆಮನೆಯನ್ನು ಸರಸ್ವತಿಯ ಮನೆಯನ್ನಾಗಿ ಮಾಡಿದ ಹೊಣೆ ಘೋಷರ ಹೆಗಲ ಮೇಲಿತ್ತು.

೧೯೫೪ರಲ್ಲಿ ಅವರು ತಾವು ಓದಿದ ಕಲಕತ್ತಾ ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ಅದೇ ವರ್ಷ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದರು. ೧೯೫೫ರಿಂದ ಯೋಜನಾ ಆಯೋಗದ ಸದಸ್ಯರಾಗಿದ್ದು, ಆ ಹೊಣೆಯಲ್ಲಿರುವಾಗಲೇ ೧೯೫೯ರ ಜನವರಿ ೨೧ರಂದು ತಮ್ಮ ೬೪ನೆಯ ವಯಸ್ಸಿನಲ್ಲಿ ದಿವಂಗತರಾದರು.

ಘೋಷರು ಎಣಿಕೆಗೆ ಬಳಸಿದ ಅವಗಾಡ್ರೊ ಸಂಖ್ಯೆಯನ್ನು ೨೦೧೯ರ ಮೇ ೨೦ರಿಂದ ಅಂತರರಾಷ್ಟ್ರೀಯ ಮಾನ ಪದ್ಧತಿಯಲ್ಲಿ ಕೂದಲೆಳೆಯ ಸಂದೇಹವೂ ಇಲ್ಲದಂತೆ ನಿಶ್ಚಿತಗೊಳಿಸಲಾಗಿದೆ. ಅವರು ಖರಗಪುರದಲ್ಲಿ ನೆಟ್ಟ ಸಸಿಯ ಸಂತತಿ ಹುಬ್ಬಳ್ಳಿ-ಧಾರವಾಡದ ಮಣ್ಣಿಗೂ ಬಂದಿದೆ. ೨೦೧೬ರಲ್ಲಿ ಧಾರವಾಡದ ವಾಲ್ಮಿ ಆವರಣದಲ್ಲಿ ಐ.ಐ.ಟಿ. ಆರಂಭವಾಯಿತು, ೨೦೨೩ರ ಮಾರ್ಚಿನಲ್ಲಿ ಅದರ ಸ್ವಂತ ನೆಲೆ ಲೋಕಾರ್ಪಣೆಗೊಂಡಿತು. ಈ ನಾಡಿನ ಶಾಲೆಗಳ ಮಕ್ಕಳು ಅದರ ಬಾಗಿಲನ್ನು ತಟ್ಟಲು ಬರೆಯುವ ಪ್ರವೇಶ ಪರೀಕ್ಷೆಗಳಿಗೆ ಸಿದ್ಧರಾಗುವಾಗ, ಇಂತಿಷ್ಟು ಗ್ರಾಂ ಸಂಯುಕ್ತದಲ್ಲಿ ಎಷ್ಟು ಅಯಾನುಗಳೆಂಬ ಲೆಕ್ಕವನ್ನು ಬಿಡಿಸಿಯೇ ಬಿಡಿಸುತ್ತಾರೆ.

ಆ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆಯುವ ಅಧ್ಯಾಪಕರು ಎರಡು ಮಾತನ್ನು ಮಕ್ಕಳಿಗೆ ತಿಳಿಸಿಕೊಡುವುದು ಉಚಿತ. ಪುಸ್ತಕದಲ್ಲಿ ಒಂದು ಸಾಲಾಗಿ ನಿಂತಿರುವ ಸತ್ಯಕ್ಕಾಗಿ ಹಿರಿಯರು ವರ್ಷಗಟ್ಟಲೆ ವಾದಿಸಿದ್ದಾರೆಂಬುದು ಒಂದು. ಉತ್ತರದ ಅರ್ಧ ತಪ್ಪಾಯಿತೆಂದು ಬಾಳು ತಪ್ಪಾಗುವುದಿಲ್ಲವೆಂಬುದು ಇನ್ನೊಂದು. ತಮ್ಮ ಸೂತ್ರ ಅಳಿದರೂ, ಅದಕ್ಕಿಂತ ಮೇಲಾದ ಸೂತ್ರಗಳನ್ನು ರಚಿಸಬಲ್ಲವರಿಗೆ ಮನೆ ಕಟ್ಟಿಕೊಡುತ್ತ ಘೋಷರು ತಮ್ಮ ಆಯುಷ್ಯವನ್ನು ಸವೆಸಿದರು. ಕರಗಿದ ಉಪ್ಪು ಕಣ್ಣಿಗೆ ಕಾಣದಿದ್ದರೂ ಅಡಿಗೆಯಲ್ಲೆಲ್ಲ ವ್ಯಾಪಿಸಿರುವಂತೆ, ಆ ಆಚಾರ್ಯರ ದುಡಿಮೆ ಈ ದೇಶದ ವಿದ್ಯಾಲಯಗಳಲ್ಲಿ ವ್ಯಾಪಿಸಿದೆ.